ಗುಲ್ಮಾರ್ಗ್‌ನಲ್ಲಿ ಬಿಸಿಲು ಬಂದ ದಿನ ಅವಸರ ಬೇಡ

ಫೆಬ್ರುವರಿಯಲ್ಲಿ ಗುಲ್ಮಾರ್ಗ್‌ಗೆ ಹೋಗಿದ್ದೆವು. ಎರಡು ದಿನ ಬಿಡದೆ ಹಿಮ ಸುರಿಯಿತು. ಬೆಟ್ಟಕ್ಕೆ ಹೋಗುವ ರೋಪ್‌ವೇ, ಅಂದರೆ ಗೊಂಡೋಲ, ಬಂದ್. ಮೂರನೇ ದಿನ ಕಿಟಕಿ ತೆಗೆದರೆ ನೀಲಿ ಆಕಾಶ! ನಾವು ಸ್ಕೀ ಎತ್ತಿಕೊಂಡು ಓಡುವುದೊಂದೇ ಬಾಕಿ. ಗೈಡ್ ಮಾತ್ರ ನೂನ್ ಚಾಯ್ (ಕಾಶ್ಮೀರದ ಉಪ್ಪಿನ ಚಹಾ) ಕುಡಿಯುತ್ತಾ ಕೂತಿದ್ದರು. "ಹಿಮ ಕುಸಿಯುವ ಭಯ ಇವತ್ತೇ ಜಾಸ್ತಿ" ಅಂದರು.

ಗುಲ್ಮಾರ್ಗ್ ಇರುವುದು 2,650 ಮೀಟರ್ ಎತ್ತರದಲ್ಲಿ. ಗೊಂಡೋಲ ನಿಮ್ಮನ್ನು ಅಫರ್ವಾತ್ ಬೆಟ್ಟದ ಮೇಲೆ, 3,900 ಮೀಟರ್ ದಾಟಿಸಿ ಬಿಡುತ್ತದೆ. ಬೆಟ್ಟದ ಕಾವಲಿಗಿರುವ ಸ್ಕೀ ಪ್ಯಾಟ್ರೋಲ್‌ನವರ ಗಡಿ ದಾಟಿದಿರೋ, ಆಮೇಲೆ ನಿಮ್ಮ ಜೀವ ನಿಮ್ಮ ಹೊಣೆ. 2023ರ ಫೆಬ್ರುವರಿ 1ರಂದು ಇದೇ ಬೆಟ್ಟದಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ತೀರಿಕೊಂಡರು. 2010ರಲ್ಲಿ ಕೆಳಗಿನ ಖಿಲನ್‌ಮಾರ್ಗ್‌ನಲ್ಲಿ ಹಿಮ ಕುಸಿದು 17 ಸೈನಿಕರು ತೀರಿಕೊಂಡರು. (ನಮ್ಮಲ್ಲಿ ಹಿಮ ಬಿದ್ದರೂ ‘ಹಿಮಪಾತ’, ಕುಸಿದರೂ ‘ಹಿಮಪಾತ’ ಅಂತಾರೆ. ಒಂದು ಫೋಟೋಗೆ ಚೆಂದ, ಇನ್ನೊಂದು ಕೊಲ್ಲುತ್ತದೆ.)

ಆ ದಿನ ಇಳಿಜಾರು ಕಡಿಮೆ ಇದ್ದ ಕಡೆ ಗೈಡ್ ಗುಂಡಿ ತೋಡಿ ತೋರಿಸಿದರು. ಮೇಲೆ ಹೊಸ ಹಿಮ, ಅದರ ಕೆಳಗೆ ಗಟ್ಟಿ ಪದರ, ತಳದಲ್ಲಿ ಮಾತ್ರ ಉದುರುದುರು ಕಾಳು. ಕೈಗೆ ತಗೊಂಡರೆ ಥೇಟ್ ಬನ್ಸಿ ರವೆ. ಹಿಸುಕಿದರೂ ಉಂಡೆ ಕಟ್ಟುವುದಿಲ್ಲ. ಡಿಸೆಂಬರ್ 21ರಿಂದ 40 ದಿನ ಅಲ್ಲಿ ಚಿಲ್ಲಾಯ್ ಕಲಾನ್, ಕಡು ಚಳಿ. ಆಗ ಹಿಮ ತೆಳ್ಳಗಿದ್ದರೆ ನೆಲದ ಬಿಸುಪಿಗೂ ಮೇಲಿನ ಚಳಿಗೂ ನಡುವೆ ಸಿಕ್ಕಿ, ಹಿಮದ ಕಣಗಳು ಒಂದಕ್ಕೊಂದು ಅಂಟದ ಹರಳಾಗುತ್ತವೆ. ಅದರ ಮೇಲೆ ಫೆಬ್ರುವರಿಯ ಹಿಮ ಹೇರಿದರೆ ರವೆಯ ಮೇಲೆ ಚಪ್ಪಡಿ ಇಟ್ಟ ಹಾಗೆ. ಹಿಮವನ್ನು ಕಂಬದಂತೆ ಕತ್ತರಿಸಿ, ಮೇಲೆ ಸಲಿಕೆ ಇಟ್ಟು ತಟ್ಟಿದರು. ಕೆಲವೇ ಪೆಟ್ಟಿಗೆ ಇಡೀ ಕಂಬ ಮೇಜಿನ ಖಾನೆ ಎಳೆದಂತೆ ಜಾರಿ ಬಂತು. ಯಾರೂ ವಾದ ಮಾಡಲಿಲ್ಲ.

ಗುಂಡಿ ತೋಡಲು ಬರದಿದ್ದರೂ ಇಷ್ಟು ಗಮನಿಸಿ. ಹೆಚ್ಚಿನ ಕುಸಿತಗಳು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ. ನೀವು ನಿಂತ ಜಾಗ ಸಮತಟ್ಟಾಗಿದ್ದರೆ ಸಾಲದು, ತಲೆ ಮೇಲೆ ಏನಿದೆ ನೋಡಿ. ಕಾಲ ಕೆಳಗೆ ‘ಧುಮ್’ ಅಂದರೆ, ಸ್ಕೀ ಮುಂದೆ ಬಿರುಕು ಓಡಿದರೆ, ಅಲ್ಲಿಂದಲೇ ವಾಪಸ್. ಕಡಿದಾದ ಕಡೆ ಒಬ್ಬೊಬ್ಬರಾಗಿ ದಾಟಿ. ಚಳಿಗಾಲದಲ್ಲಿ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಹೊರಡುವ ಮುನ್ನ ಓದಿ.

ಬೀಕನ್ (ಹೂತವರನ್ನು ಹುಡುಕಲು ಸಿಗ್ನಲ್ ಕೊಡುವ ಸಾಧನ), ಹಿಮದೊಳಗೆ ಚುಚ್ಚಿ ನೋಡುವ ಪ್ರೋಬ್ ಕೋಲು, ಸಲಿಕೆ ಪ್ರತಿಯೊಬ್ಬರ ಹತ್ತಿರವೂ ಇರಬೇಕು. ಬಾಡಿಗೆಗೆ ತಂದು ಸುಮ್ನೆ ಬ್ಯಾಗಲ್ಲಿ ಇಟ್ಟುಕೊಂಡರೆ ಪ್ರಯೋಜನ ಇಲ್ಲ. ಒಂದು ಬೀಕನ್ ಹೂತಿಟ್ಟು ಹುಡುಕಿ ಅಭ್ಯಾಸ ಮಾಡಿ. ಫೋನನ್ನು ಬೀಕನ್‌ನಿಂದ ದೂರ ಇಡಿ, ಸಿಗ್ನಲ್ ಕೆಡುತ್ತದೆ. ಸಿಯಾಚಿನ್‌ನಲ್ಲಿ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತ ಸಿಕ್ಕಿದ್ದು ನಮಗೆಲ್ಲ ನೆನಪಿದೆ, ಅಲ್ವಾ? ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೂತವರನ್ನು ಸುಮಾರು 15 ನಿಮಿಷದೊಳಗೆ ತೆಗೆಯಬೇಕು. ಆಮೇಲೆ ಉಸಿರುಗಟ್ಟಿ ಬದುಕುವ ಆಸೆ ಸರ್ರನೆ ಇಳಿಯುತ್ತದೆ. ಅಷ್ಟರೊಳಗೆ ಹೊರಗಿನವರು ಬರುವುದಿಲ್ಲ, ಜೊತೆಗಿರುವವರೇ ಅಗೆಯಬೇಕು.

ಇನ್ನೊಂದು, ಟಿಕೆಟ್ ತೆಗೆಯುವಾಗ ಎರಡು ದಿನ ಜಾಸ್ತಿ ಇಟ್ಟುಕೊಳ್ಳಿ. ನಮಗೆ ಮರುದಿನ ಬೆಳಿಗ್ಗೆಯೇ ಶ್ರೀನಗರದಿಂದ ವಿಮಾನ. ಕೆಳಗಿನ ಪೈನ್ ಮರಗಳ ನಡುವೆ ಸ್ಕೀ ಆಡಿ ಹೊರಟೆವು. ಅಫರ್ವಾತ್ ಹಾಗೇ ಉಳಿದಿದೆ.