ಕೋಡಿ ಇಲ್ಲದ ಕೆರೆ

ಅಕ್ಟೋಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ವಾಲ್ಡನ್ ಪಾಂಡ್‌ಗೆ ಹೋಗಿದ್ದೆ. ಬಾಸ್ಟನ್ ಹತ್ತಿರದ ಕಾಂಕರ್ಡ್ ಊರಲ್ಲಿ ಇರುವ, ಮ್ಯಾಸಚೂಸೆಟ್ಸ್ ರಾಜ್ಯ ಸರ್ಕಾರದ ಪಾರ್ಕ್ ಇದು. ಬೇಸಿಗೆಯಲ್ಲಿ ಜನ ಜಾಸ್ತಿಯಾದರೆ ಒಳಗೆ ಬಿಡುವುದನ್ನೇ ನಿಲ್ಲಿಸುತ್ತಾರೆ. ನಾವು ಹೋದಾಗ ಓಕ್ ಎಲೆಗಳು ಕೆಂಪಾಗಿದ್ದವು, ಜನ ಕಡಿಮೆ.

ಅಮ್ಮ ಹಾಸನದ ಕಡೆ ಹಳ್ಳಿಯಲ್ಲಿ ಕೆರೆ ಪಕ್ಕದಲ್ಲೇ ಬೆಳೆದವಳು. ನೀರು ಕಂಡ ಕೂಡಲೇ ಕೇಳಿದಳು, "ಏನೋ, ಇದಕ್ಕೆ ಏರಿ ಎಲ್ಲಿದೆ? ಕೋಡಿ ಯಾವ ಕಡೆ ಬೀಳುತ್ತೆ?"

ಏರಿ, ತೂಬು, ಕೋಡಿ ಯಾವುದೂ ಇಲ್ಲ. ಯಾವ ಹೊಳೆಯೂ ಬಂದು ಸೇರುವುದಿಲ್ಲ. ಹತ್ತು ಸಾವಿರ ವರ್ಷಕ್ಕೂ ಹಿಂದೆ, ಹಿಮನದಿ ಕರಗಿ ಹಿಂದೆ ಸರಿಯುವಾಗ ಭಾರಿ ಮಂಜುಗಡ್ಡೆಯೊಂದು ಇಲ್ಲೇ ಉಳಿಯಿತು, ಸುತ್ತ ಮರಳು ಜಲ್ಲಿ ತುಂಬಿಕೊಂಡಿತು, ಗಡ್ಡೆ ಕರಗಿದ ಮೇಲೆ ಉಳಿದ ಗುಂಡಿಯೇ ಈ ಕೆರೆ. ನೀರೆಲ್ಲ ಮಳೆಯದು, ಅಂತರ್ಜಲದ್ದು. ಅದಕ್ಕೇ ಅಷ್ಟು ತಿಳಿ. ದಡದಲ್ಲಿ ಬಗ್ಗಿದರೆ ತಳದ ಕಲ್ಲಿನ ಮೇಲೆ ಕೂತ ಪೈನ್ ಎಲೆಯ ಎಳೆಗಳೂ ಒಂದೊಂದಾಗಿ ಕಾಣುತ್ತವೆ.

ಕೆರೆ ಸುತ್ತ ಕಾಲುದಾರಿ ಇದೆ, ಎರಡೂವರೆ ಕಿಲೋಮೀಟರ್ ಮೇಲಾಗಬಹುದು. ದಡ ಕುಸಿಯದಂತೆ ಎರಡೂ ಬದಿ ತಂತಿ ಕಟ್ಟಿದ್ದಾರೆ. 'ವಾಲ್ಡನ್' ಪುಸ್ತಕ ಬರೆದ ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ 1845ರ ಜುಲೈ 4ರಿಂದ ಎರಡು ವರ್ಷ ಎರಡು ತಿಂಗಳು ಈ ಕಾಡಲ್ಲೇ ಇದ್ದ. ಅವನ ಮನೆಯ ಬುನಾದಿ ಸಿಕ್ಕಿದ್ದು 1945ರಲ್ಲಿ, ಈಗ ಅಲ್ಲಿ ಕಲ್ಲುಕಂಬ ನೆಟ್ಟಿದ್ದಾರೆ. ಪಾರ್ಕಿಂಗ್ ಪಕ್ಕ ಅದೇ ಅಳತೆಯ ಮನೆ ಕಟ್ಟಿಟ್ಟಿದ್ದಾರೆ, ಹತ್ತಡಿ ಹದಿನೈದಡಿ. "ನಮ್ಮ ತೋಟದ ಮೋಟರ್ ಮನೆಯಷ್ಟೇ ಇದೆ" ಅಂದಳು ಅಮ್ಮ, ಒಳಗಿನ ಮಂಚ ಮೇಜು ಎಲ್ಲ ಮುಟ್ಟಿ ನೋಡಿದಳು.

ನನಗೆ ತುಂಬಾ ಇಷ್ಟವಾದದ್ದು ಅವನು ಆಳ ಅಳೆದ ವಿಷಯ. ಇದಕ್ಕೆ ತಳವೇ ಇಲ್ಲ ಅಂತ ಊರವರು ನಂಬಿದ್ದರಂತೆ. ಅವನು ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟು ನೋಡಿದ. 102 ಅಡಿ! ಇವತ್ತಿಗೂ ಅದೇ ಲೆಕ್ಕ ಹೇಳುತ್ತಾರೆ.

1846–47ರ ಚಳಿಗಾಲದಲ್ಲಿ ನೂರು ಜನ ರೈಲಲ್ಲಿ ಬಂದು ಇಲ್ಲಿನ ಮಂಜುಗಡ್ಡೆ ಕೊಯ್ದು ರಾಶಿ ಹಾಕಿದರು. ಆ ಕಾಲಕ್ಕೆ ಬಾಸ್ಟನ್‌ನಿಂದ ಮರದ ಹೊಟ್ಟಿನಲ್ಲಿ ಮುಚ್ಚಿದ ಗಡ್ಡೆ ಹಡಗಿನಲ್ಲಿ ಮದ್ರಾಸಿಗೂ ಹೋಗುತ್ತಿತ್ತು. ಮರೀನಾ ಬೀಚ್ ಎದುರಿನ ಐಸ್ ಹೌಸ್ ಅದಕ್ಕೇ ಕಟ್ಟಿದ್ದು. ಈ ರಾಶಿಯಲ್ಲಿ ಬಹುಪಾಲು ಮಾತ್ರ ಎಲ್ಲೂ ಹೋಗದೆ ಇಲ್ಲೇ ಕರಗಿ ಮತ್ತೆ ಕೆರೆ ಸೇರಿತು.

ಇದನ್ನೆಲ್ಲ ಹೇಳುವಷ್ಟರಲ್ಲಿ ಅಮ್ಮ ಚಪ್ಪಲಿ ಬಿಟ್ಟು ಕಲ್ಲು ಮೆಟ್ಟಿಲ ಮೇಲೆ ಕೂತು ಪಾದ ನೀರಿಗಿಳಿಸಿದ್ದಳು. ಆಚೆ ದಡದ ಮರಗಳ ಹಿಂದೆ ರೈಲು ಹೋಯಿತು. "ಅದೇ ರೈಲಾ?" ಅಂದಳು. ಹೂಂ, ಅದೇ ಹಳಿ.