ಜರ್ಮನಿಯಲ್ಲಿ ಸೀಟು ಸಿಕ್ಕಿದ ಮೇಲೆ

ಮಲೆನಾಡಿನಲ್ಲಿ ಮಳೆ ಹಿಡಿದು ಕೂತ ಹೊತ್ತಿಗೆ ಜರ್ಮನಿಯ ವಿಶ್ವವಿದ್ಯಾಲಯಗಳಿಂದ ಪ್ರವೇಶ ಪತ್ರಗಳು ಬರತೊಡಗುತ್ತವೆ. ಹಾಸನ, ಸಕಲೇಶಪುರ, ಚಿಕ್ಕಮಗಳೂರಿನ ಮನೆಗಳಲ್ಲಿ ಈ ಸುದ್ದಿಗೆ ಸಿಹಿ ಹಂಚಲೇಬೇಕು. ಎಂಜಿನಿಯರಿಂಗ್ ಮುಗಿಸಿ, ನಮ್ಮ ಅಂಕಪಟ್ಟಿ, ಪದವಿ ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ ಕಾದು, ಒಂದೊಂದು ಅರ್ಜಿಗೂ ದಾಖಲೆ ಜೋಡಿಸಿದ ಮಕ್ಕಳ ಶ್ರಮ ಅದರಲ್ಲಿದೆ. ಆದರೆ ಚಳಿಗಾಲದ ಸೆಮಿಸ್ಟರ್ ಶುರುವಾಗುವುದು ಅಕ್ಟೋಬರ್ 1ಕ್ಕೆ. ದುಡ್ಡು, ವೀಸಾ, ರೂಮು ಮೂರನ್ನೂ ಪತ್ರ ಬಂದ ವಾರವೇ ಒಟ್ಟಿಗೆ ಕೈಗೆತ್ತಿಕೊಳ್ಳಿ.

ಮೊದಲು ಪತ್ರವನ್ನು ಪೂರ್ತಿ ಓದಿ. ಸೀಟು ಒಪ್ಪಿಕೊಳ್ಳಲು ಕೊನೆಯ ದಿನಾಂಕ ಕೊಟ್ಟಿದ್ದರೆ, ಆ ದಿನ ದಾಟಿದ ಮೇಲೆ ಸೀಟು ಮುಂದಿನವರ ಪಾಲು. ಶುಲ್ಕವನ್ನೂ ನೋಡಿ. ಜರ್ಮನಿಯಲ್ಲಿ ಓದು ಫ್ರೀ ಎಂಬ ಮಾತು ಎಲ್ಲ ಕಡೆಗೂ ಸಲ್ಲುವುದಿಲ್ಲ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಹೊಸದಾಗಿ ಸೇರುವವರಿಗೆ ಶುಲ್ಕ ಹಾಕುತ್ತಿದೆ.

ನಮ್ಮ ಕಡೆಯ ಮಕ್ಕಳಿಗೆ ತುಂಬಾ ತೊಡಕು ಕೊಡುವುದು ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಚೇತನ್ ಎಚ್.ಆರ್.' ಅಂತಿರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಎಚ್ ಬಿಡಿಸಿ ಊರಿನ ಹೆಸರು, ಆರ್ ಬಿಡಿಸಿ ಅಪ್ಪನ ಹೆಸರು ಬರೆಸಿರುತ್ತಾರೆ, ಇಲ್ಲವೇ ಸರ್‌ನೇಮ್ ಜಾಗ ಖಾಲಿ ಬಿಟ್ಟಿರುತ್ತಾರೆ. ಇಲ್ಲಿ ಜರ್ಮನಿಯ ಗುಮಾಸ್ತರ ಕಣ್ಣಿಗೆ ಆ ಎರಡು ಹೆಸರಿನವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಹಾಗಾಗಿ ವಿಮೆ, ಬ್ಲಾಕ್ಡ್ ಅಕೌಂಟ್ (ಅಲ್ಲಿನ ಖರ್ಚಿನ ದುಡ್ಡನ್ನು ಮೊದಲೇ ಕಟ್ಟಿಡುವ ಖಾತೆ), ವೀಸಾ, ಬಾಡಿಗೆ ಕರಾರು ಎಲ್ಲದರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ, ಅದೇ ಸ್ಪೆಲ್ಲಿಂಗಿನಲ್ಲಿ ಹೆಸರು ಬರೆಯಿರಿ. ಎರಡೂ ಹೆಸರು ಒಬ್ಬರದೇ ಎಂದು ಇಂಗ್ಲಿಷಿನಲ್ಲಿ ನೋಟರಿ ಅಫಿಡವಿಟ್ ಮಾಡಿಸಿ ಕಡತದಲ್ಲಿಡಿ. ಪಾಸ್‌ಪೋರ್ಟನ್ನೇ ತಿದ್ದಿಸಬೇಕೆಂದಿದ್ದರೆ ಅರ್ಜಿ ಹಾಕುವ ಮೊದಲೇ ಹಾಸನದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮುಗಿಸುವುದು ಲೇಸು. ಹೊಸ ಪುಸ್ತಕಕ್ಕೆ ಹೊಸ ನಂಬರ್ ಬರುತ್ತದೆ, ಹಳೇ ನಂಬರ್ ಕೊಟ್ಟ ಕಡೆಯೆಲ್ಲ ಮತ್ತೆ ತಿದ್ದಿಸಬೇಕಾಗುತ್ತದೆ.

ಇನ್ನು ದುಡ್ಡು. ಬ್ಲಾಕ್ಡ್ ಅಕೌಂಟಿಗೆ ವರ್ಷಕ್ಕೆ 11,904 ಯೂರೋ ಕಟ್ಟಬೇಕು, ಅದು ತಿಂಗಳಿಗೆ 992ರಂತೆ ವಾಪಸ್ ಕೈಗೆ ಬರುತ್ತದೆ. ಸಣ್ಣ ಊರಿನ ಶಾಖೆಗಳಿಗೆ ಎಷ್ಟೋ ಸಲ ವಿದೇಶಿ ವಿನಿಮಯದ ಅಧಿಕಾರ ಇರುವುದಿಲ್ಲ. ಕಾಗದ ದೊಡ್ಡ ಶಾಖೆಗೆ ಹೋಗಿ ಬರಬೇಕು, ಅದಕ್ಕೆ ದಿನಗಳು ಹಿಡಿಯುತ್ತವೆ. ವಿದೇಶಕ್ಕೆ ದುಡ್ಡು ಕಳಿಸಲು ಬ್ಯಾಂಕಿನಲ್ಲಿ ತುಂಬುವ ಎ2 ಫಾರ್ಮಿನಲ್ಲಿ ಓದಿನ ಉದ್ದೇಶದ ಕೋಡ್ ಎಸ್0305 ಹಾಕಿಸಿ. ಅಕೌಂಟ್ ಕೊಟ್ಟವರು ಹೇಳಿದ ರೆಫರೆನ್ಸ್ ನಂಬರನ್ನು ಒಂದಕ್ಷರ ಬಿಡದೆ ಬರೆಸಿ. ಬ್ಯಾಂಕ್ ಶುಲ್ಕದ ಕಾಲಂನಲ್ಲಿ 'ಅವರ್' ಎಂದೇ ಗುರುತು ಹಾಕಿಸಿ, ಅಂದರೆ ಪೂರ್ತಿ ಶುಲ್ಕ ಕಳಿಸುವವರದು. ಇಲ್ಲದಿದ್ದರೆ ನಡುವಿನ ಬ್ಯಾಂಕ್ ತನ್ನ ಪಾಲು ಮುರಿದುಕೊಂಡು ಮೊತ್ತ ಕಡಿಮೆಯಾಗಿ ತಲುಪುತ್ತದೆ. ಹತ್ತೇ ಯೂರೋ ಕೊರತೆ ಬಿದ್ದರೂ ವೀಸಾಕ್ಕೆ ಬೇಕಾದ ದೃಢೀಕರಣ ಪತ್ರ ಬರುವುದಿಲ್ಲ. ಐವತ್ತು ಯೂರೋ ಹೆಚ್ಚಿಗೆ ಕಳಿಸಿದರೆ ನೆಮ್ಮದಿ. ಬ್ಯಾಂಕಿನ ಶಿಕ್ಷಣ ಸಾಲದ ದುಡ್ಡಾದರೆ 2025ರ ಏಪ್ರಿಲ್‌ನಿಂದ ಟಿಸಿಎಸ್ (ದುಡ್ಡು ಕಳಿಸುವಾಗಲೇ ಬ್ಯಾಂಕ್ ಹಿಡಿಯುವ ತೆರಿಗೆ) ಇಲ್ಲ. ಸ್ವಂತ ದುಡ್ಡಾದರೆ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಟಿಸಿಎಸ್ ಹಿಡಿಯುತ್ತಾರೆ, ಕಳಿಸಿದವರು ರಿಟರ್ನ್ಸ್ ಸಲ್ಲಿಸುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ವೀಸಾ ಶುಲ್ಕ 75 ಯೂರೋ. ಅರ್ಜಿ ತಿರಸ್ಕಾರವಾದರೆ ಮೊದಲು ಮನವಿ ಪತ್ರ ಬರೆದು ಮರುಪರಿಶೀಲನೆ ಕೇಳಬಹುದಿತ್ತು. 2025ರ ಜುಲೈನಿಂದ ಆ ದಾರಿ ಮುಚ್ಚಿದೆ. ಹೊಸ ಅರ್ಜಿ ಹಾಕಬೇಕು, ಇಲ್ಲವೇ ಕೋರ್ಟಿಗೆ ಹೋಗಬೇಕು. ಆದ್ದರಿಂದ ಮೊದಲ ಸಲವೇ ಕಾಗದಪತ್ರ ಸರಿಯಿರಲಿ.

ರೂಮಿಗೆ ವಿದ್ಯಾರ್ಥಿ ನಿಲಯದ ಅರ್ಜಿಯನ್ನು ಪ್ರವೇಶ ಪತ್ರ ಬಂದ ದಿನವೇ ಹಾಕಿ, ಕಾಯುವವರ ಪಟ್ಟಿ ಉದ್ದವಿರುತ್ತದೆ. 'ನಾನು ಬೇರೆ ದೇಶದಲ್ಲಿದ್ದೇನೆ, ಅಡ್ವಾನ್ಸ್ ಹಾಕಿ, ಕೀ ಪೋಸ್ಟಿನಲ್ಲಿ ಕಳಿಸುತ್ತೇನೆ' ಎನ್ನುವ ಮಾಲೀಕರಿಗೆ ಒಂದು ಪೈಸೆಯನ್ನೂ ಕೊಡಬೇಡಿ, ಅದು ಮೋಸದ ಹಳೇ ವರಸೆ. ಅಡ್ವಾನ್ಸ್ ಕಾನೂನಿನ ಪ್ರಕಾರ ಮೂರು ತಿಂಗಳ ಮೂಲ ಬಾಡಿಗೆ ಮೀರುವಂತಿಲ್ಲ. ಮನೆ ಸೇರಿದ ಎರಡು ವಾರದೊಳಗೆ ಆನ್‌ಮೆಲ್ಡುಂಗ್ ಎಂಬ ವಿಳಾಸ ನೋಂದಣಿ ಆಗಬೇಕು. ಅದಕ್ಕೆ ಮಾಲೀಕರ ಸಹಿಯಿರುವ ಪತ್ರ ಬೇಕು, ಮಾತಾಡುವಾಗಲೇ ಕೇಳಿಟ್ಟುಕೊಳ್ಳಿ. ಬ್ಲಾಕ್ಡ್ ಅಕೌಂಟಿನ ದುಡ್ಡು ಇಲ್ಲಿ ಖಾತೆ ತೆರೆದ ಮೇಲಷ್ಟೇ ಹರಿಯುತ್ತದೆ. ಅಡ್ವಾನ್ಸು, ಮೊದಲ ತಿಂಗಳ ಖರ್ಚು ಎರಡನ್ನೂ ಫಾರೆಕ್ಸ್ ಕಾರ್ಡಿನಲ್ಲಿ ಬೇರೆಯೇ ಇಟ್ಟುಕೊಂಡು ಬನ್ನಿ.

ಪೆಟ್ಟಿಗೆ ತುಂಬುವಾಗ ಅಮ್ಮಂದಿರು ಮೊದಲು ಇಡುವುದು ತುಪ್ಪ. ಹೊರದೇಶದಿಂದ ಹಾಲಿನ ಪದಾರ್ಥ ತರಲು ಯುರೋಪ್ ಬಿಡುವುದಿಲ್ಲ. ತುಪ್ಪ, ಖೋವಾ ಕಸ್ಟಮ್ಸ್‌ನಲ್ಲಿ ಕಸಕ್ಕೆ ಹೋಗುತ್ತವೆ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದನ್ನು ಹುರಿದು ಚಟ್ನಿಪುಡಿ ಮಾಡಿ ಕಳಿಸಿ. ಕುಕ್ಕರ್ ಇಂಡಕ್ಷನ್ ತಳದ ಸ್ಟೀಲಿನದಿರಲಿ, ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯಲ್ಲಿ ಬಿಸಿಯಾಗದು. ಜೊತೆಗೆ ಎರಡು ಗ್ಯಾಸ್ಕೆಟ್ ಹಾಕಿ. ಕರೆಂಟು ನಮ್ಮಲ್ಲಿಯಂತೆಯೇ 230 ವೋಲ್ಟ್, ಮಿಕ್ಸಿಗೆ ಪ್ಲಗ್ ಅಡಾಪ್ಟರ್ ಇದ್ದರೆ ಸಾಕು. ರಾತ್ರಿ ಹತ್ತರ ಮೇಲೆ ಮತ್ತು ಭಾನುವಾರ ಮಾತ್ರ ಮಿಕ್ಸಿ ಹಾಕಬೇಡಿ, ಅದು ಸದ್ದು ಮಾಡಬಾರದ ಹೊತ್ತು. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತನ್ನಿ.

ಚಿಕ್ಕಮಗಳೂರಿನ ಕಾಫಿಪುಡಿ, ಸ್ಟೀಲ್ ಫಿಲ್ಟರ್ ಖಂಡಿತ ತನ್ನಿ. ಅನೇಕ ಊರುಗಳ ನಲ್ಲಿ ನೀರು ಗಡಸು. ಅದರಲ್ಲಿ ಡಿಕಾಕ್ಷನ್ ಮಂಕಾಗುತ್ತದೆ, ಕೆಟಲಿನಲ್ಲಿ ಸುಣ್ಣ ಕಟ್ಟುತ್ತದೆ. ಫಿಲ್ಟರ್ ಜಗ್‌ನಲ್ಲಿ ಸೋಸಿದ ನೀರು ಕುದಿಸಿ ಸುರಿಯಿರಿ. ಹಾಲು ಶೇಕಡಾ 3.5 ಕೊಬ್ಬಿನ ತಾಜಾ ಹಾಲೇ ಇರಲಿ, ತಿಂಗಳುಗಟ್ಟಲೆ ಕೆಡದ ಪ್ಯಾಕೆಟ್ ಹಾಲಿನಲ್ಲಿ ಕಾಫಿಗೆ ಕಾದ ಹಾಲಿನ ವಾಸನೆ ಅಂಟುತ್ತದೆ.

ಮನೆಯವರಿಗೆ ಒಂದು ಮಾತು. ಬೇಸಿಗೆಯಲ್ಲಿ ಭಾರತ ಜರ್ಮನಿಗಿಂತ ಮೂರೂವರೆ ಗಂಟೆ ಮುಂದೆ, ಅಕ್ಟೋಬರ್ ಕೊನೆಯ ಭಾನುವಾರದಿಂದ ನಾಲ್ಕೂವರೆ ಗಂಟೆ. ಮಕ್ಕಳು ಸಂಜೆ ಆರಕ್ಕೆ ಕ್ಲಾಸ್ ಮುಗಿಸಿದಾಗ ಊರಲ್ಲಿ ರಾತ್ರಿ ಹತ್ತೂವರೆ. ಅವರ ಮಧ್ಯಾಹ್ನದ ಊಟದ ಬಿಡುವು ನಿಮ್ಮ ಸಂಜೆ ಕಾಫಿಯ ಹೊತ್ತಿಗೆ ಬರುತ್ತದೆ, ನಾಲ್ಕೂವರೆಗೆ ಫೋನ್ ಮಾಡಿ.