ಗಿರಣಿಯ ಅಂಗಳದಲ್ಲಿ ಮೂರು ಗಂಟೆ

ವಿಜಯಪುರಕ್ಕೆ ಹೋಗಿ ಬಂದವರು ಗೋಳಗುಮ್ಮಟದ ಬಗ್ಗೆ ಬರೆಯುವುದು ವಾಡಿಕೆ. ನಾನು ಈ ಸಲ ಅದರ ಒಳಗೆ ಕಾಲಿಡಲಿಲ್ಲ. ನನ್ನ ಪ್ರವಾಸದ ಮುಖ್ಯ ಸ್ಥಳ ಅನಗವಾಡಿ ಸೇತುವೆಗೆ ಸ್ವಲ್ಪ ಮುಂಚೆ, ರಸ್ತೆಯಿಂದ ಒಳಗಿರುವ ಒಂದು ಹಿಟ್ಟಿನ ಗಿರಣಿ.

ಹದಿಮೂರು ವರ್ಷ ಓಡಿದ ಡೀಸೆಲ್ ಕಾರನ್ನು ಮಾರಿ ವಿದ್ಯುತ್ ಕಾರು ಕೊಳ್ಳೋಣವೇ ಎಂದು ಒಂದು ವರ್ಷದಿಂದ ಲೆಕ್ಕ ಹಾಕುತ್ತಿದ್ದೆ. ಬೆಳಗಾವಿಯಲ್ಲೇ ಕೆಲಸದಲ್ಲಿರುವ ಅಕ್ಕನ ಮಗ ನನ್ನ ಲೆಕ್ಕ ಕೇಳಿ ಕೇಳಿ ಬೇಸತ್ತು ತನ್ನ ಕಾರಿನ ಕೀಲಿಯನ್ನೇ ಕೈಗಿಟ್ಟ. "ಮಾಮಾ, ಶೋರೂಮಿನವರ ಐದು ಕಿಲೋಮೀಟರ್ ಸುತ್ತಾಟದಿಂದ ಏನೂ ತಿಳಿಯುವುದಿಲ್ಲ. ವಿಜಯಪುರಕ್ಕೆ, ಅವ್ವನ ಮನೆಗೆ ಹೋಗಿ ಬಾ."

ಏಪ್ರಿಲ್ ತಿಂಗಳು. ಹೆಂಡತಿ, ನಾನು, ಎರಡು ಚೀಲ, ಅಕ್ಕನಿಗೆಂದು ಕುಂದಾ. ಬ್ಯಾಟರಿ 30 ಯೂನಿಟ್ಟಿನದು. ಒಮ್ಮೆ ತುಂಬಿದರೆ 300 ಕಿಲೋಮೀಟರ್ ಮೀರಿ ಓಡುತ್ತದೆ ಎಂದು ಕಂಪನಿಯ ಕಾಗದದಲ್ಲಿದೆ. ಆ ಅಂಕಿ ಪ್ರಯೋಗಾಲಯದ್ದು. ಎಸಿ ಹಾಕಿಕೊಂಡು 80ರ ವೇಗದಲ್ಲಿ ಹೋಗುವ ನಮ್ಮಂಥವರಿಗೆ ಒಂದು ಯೂನಿಟ್ಟಿಗೆ ಆರೂವರೆ ಕಿಲೋಮೀಟರ್ ಸಿಕ್ಕರೆ ಹೆಚ್ಚು. ಅಂದರೆ 200ಕ್ಕೂ ಸ್ವಲ್ಪ ಕಡಿಮೆ.

ಗೋಕಾಕ ಜಲಪಾತದಲ್ಲಿ ನೀರೇ ಇರಲಿಲ್ಲ. ಬಂಡೆ ನೋಡಿ, ಕರದಂಟು ಕೊಂಡು ಮುಂದೆ ಸಾಗಿದೆವು. ಕಾರಿನ ಓಟದ ಬಗ್ಗೆ ಮಾತ್ರ ನನ್ನ ತಕರಾರಿಲ್ಲ. ಸದ್ದಿಲ್ಲ, ಗೇರಿಲ್ಲ. ಇಳಿಜಾರಿನಲ್ಲಿ ಕಾಲು ತೆಗೆದರೆ ಮೋಟಾರೇ ಜನರೇಟರ್ ಆಗಿ ಒಂದಿಷ್ಟು ವಿದ್ಯುತ್ತನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಬಾಗಲಕೋಟೆ 530ರ ಆಸುಪಾಸು. ಹೋಗುವಾಗ ಒಟ್ಟಿನಲ್ಲಿ ಇಳಿಜಾರು ಎಂದು ಹಿಗ್ಗಿದೆ. ಬರುವಾಗ ಅದೇ ಏರು ಎಂಬುದು ಆಗ ಹೊಳೆಯಲಿಲ್ಲ.

ಲೋಕಾಪುರ, ಕಲಾದಗಿ ದಾಟಿ ಗದ್ದನಕೇರಿ ಕ್ರಾಸಿಗೆ ಬಂದಾಗ ಶೇಕಡಾ 18 ಉಳಿದಿತ್ತು. ಹತ್ತಿರದ ಹೋಟೆಲೊಂದರ ಅಂಗಳದಲ್ಲಿ ವೇಗದ ಚಾರ್ಜರ್ ಇದೆ ಎಂದು ಮೊಬೈಲಿನಲ್ಲಿ ಹಸಿರು ಗುರುತು ತೋರಿಸುತ್ತಿತ್ತು. ಯಂತ್ರವೇನೋ ಇತ್ತು. ಅದರ ಪರದೆ ಕಪ್ಪಗಿತ್ತು, ತಂತಿಯ ಮೇಲೆ ಯಾರೋ ಅಂಗಿ ಒಣಹಾಕಿದ್ದರು. "ಹದಿನೈದು ದಿನ ಆಯಿತು ಸರ್, ಹೇಳಿದ್ದೇವೆ, ಬರುತ್ತಾರೆ" ಎಂದ ಮಾಣಿ. ಗ್ರಾಹಕ ಸೇವೆಯ ನಂಬರಿಗೆ ಕರೆ ಮಾಡಿದರೆ ಹನ್ನೊಂದು ನಿಮಿಷ ಸಂಗೀತ ಕೇಳಿಸಿತು. ಈ ದಾರಿಯಲ್ಲಿ ಹೋಗುವವರು ದಯವಿಟ್ಟು ಹಸಿರು ಗುರುತನ್ನು ನಂಬಬೇಡಿ. ಹೊರಡುವ ಮೊದಲೇ ಯಂತ್ರ ಇರುವ ಜಾಗಕ್ಕೆ ಫೋನ್ ಮಾಡಿ, ಅಲ್ಲಿ ನಿಂತಿರುವ ಮನುಷ್ಯನ ಬಾಯಿಂದಲೇ ಕೇಳಿ.

ವಿಜಯಪುರಕ್ಕೆ ಇನ್ನೂ 80 ಕಿಲೋಮೀಟರ್ ಹತ್ತಿರ ಇತ್ತು. ಎಸಿ ಆರಿಸಿ, ಎತ್ತಿನ ಗಾಡಿಯ ವೇಗದಲ್ಲಿ ಹೊರಟೆ. ಹೆಂಡತಿ ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ಬಾಧಿಸಿತು. ರಸ್ತೆಯ ಪಕ್ಕದಿಂದ ಗಿರಣಿಯ ಸದ್ದು ಕೇಳಿದ ಕೂಡಲೇ "ಮೋಟಾರು ಓಡುತ್ತಿದೆ ಎಂದರೆ ಕರೆಂಟು ಇದೆ" ಎಂದವಳು ಅವಳೇ.

ಗಿರಣಿಯ ಒಡತಿಗೆ ಅರವತ್ತೈದರ ಮೇಲೆ ವಯಸ್ಸು. ಹುಬ್ಬಿನವರೆಗೂ ಹಿಟ್ಟು. ನನ್ನ ಕತೆ ಪೂರ್ತಿ ಕೇಳಿ "ಎಷ್ಟು ಎಳೆಯುತ್ತದೆ?" ಎಂದಳು. ಗಂಟೆಗೆ ಮೂರು ಯೂನಿಟ್ ಎಂದೆ. "ಅಷ್ಟೆಯೇ? ನನ್ನ ಹತ್ತು ಎಚ್‌ಪಿ ಮೋಟಾರು ಪೂರ್ತಿ ಹೊರೆ ಹೊತ್ತರೆ ಏಳೂವರೆ ತಿನ್ನುತ್ತದೆ. ಹಚ್ಚು ತಮ್ಮಾ."

ಹದಿನೈದು ಆಂಪಿಯರಿನ ಸಾಕೆಟ್ಟಿಗೆ ಹಚ್ಚಿದೆ. ಕೆಂಪು ದೀಪ. ತೆಗೆದು ಮತ್ತೆ ಹಚ್ಚಿದೆ. ಮತ್ತೆ ಕೆಂಪು. ಅಕ್ಕನ ಮಗನಿಗೆ ಫೋನ್ ಮಾಡಿದರೆ "ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ಸಂಪರ್ಕ, ಸರಿ ಇಲ್ಲ ಮಾಮಾ. ಅದು ಸರಿ ಇಲ್ಲದಿದ್ದರೆ ಕಾರು ವಿದ್ಯುತ್ ತೆಗೆದುಕೊಳ್ಳುವುದಿಲ್ಲ, ಸುರಕ್ಷತೆಗಾಗಿ ಹಾಗೆ ಮಾಡಿದ್ದಾರೆ" ಎಂದ. ಇದನ್ನು ಹೊರಡುವಾಗಲೇ ಹೇಳಬಹುದಿತ್ತು.

ಆಕೆ ನಮ್ಮ ಮಾತು ಕೇಳಿಸಿಕೊಂಡಳೋ ಏನೋ, ಎರಡು ಕೊಡ ನೀರು ತೆಗೆದುಕೊಂಡು ಗಿರಣಿಯ ಹಿಂದಕ್ಕೆ ಹೋದಳು. ನಾನೂ ಹಿಂಬಾಲಿಸಿದೆ. ಗೋಡೆಯ ಬುಡದಲ್ಲಿ ಅರ್ಥಿಂಗಿನ ಒಂದು ಸಣ್ಣ ಗುಂಡಿ, ನಡುವೆ ತುಕ್ಕು ಹಿಡಿದ ಕೊಳವೆ. ಸುತ್ತಲಿನ ಎರೆಮಣ್ಣು ಬಿಸಿಲಿಗೆ ಬಾಯಿಬಿಟ್ಟಿತ್ತು. "ಇದ್ದಿಲು, ಉಪ್ಪು ಹಾಕಿ ಹುಗಿದಿದ್ದೇವೆ. ಬೇಸಿಗೆಯಲ್ಲಿ ಒಣಗಿಬಿಡುತ್ತದೆ. ಇದಕ್ಕೂ ನೀರಡಿಕೆ ಆಗುತ್ತದೆ ತಮ್ಮಾ" ಎನ್ನುತ್ತಾ ಎರಡೂ ಕೊಡ ಸುರಿದಳು. ಮಣ್ಣು ಗಟಗಟನೆ ಕುಡಿಯಿತು. ಮರಳಿ ಬಂದು ಹಚ್ಚಿದರೆ ಹಸಿರು ದೀಪ! ಜೋಳ ಹಿಡಿದು ಸರದಿಯಲ್ಲಿ ಕುಳಿತಿದ್ದ ಹೆಂಗಸರು ನಕ್ಕರು. ನನಗೆ ಮಾತ್ರ ಕಣ್ಣು ತುಂಬಿ ಬಂತು. ಹಿಟ್ಟಿನ ಧೂಳು ಇರಬಹುದು ಎಂದು ಹೆಂಡತಿಗೆ ಹೇಳಿದೆ.

ಮೂರು ಗಂಟೆ ಅಲ್ಲಿ ಕುಳಿತೆವು. ಆಕೆಯ ಸೊಸೆ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು ಕೊಟ್ಟಳು. ಬೆಳಗಾವಿಯ ಹೋಟೆಲುಗಳ ಗಟ್ಟಿ ರೊಟ್ಟಿಗೆ ದುಡ್ಡು ಕೊಟ್ಟು ಬಂದದ್ದಕ್ಕೆ ನಾಚಿಕೆಯಾಯಿತು. ಆಗಾಗ ಕಲ್ಲು ನಿಲ್ಲಿಸಿ ಆಕೆ ಬಂದು ಕಾರನ್ನು ಸುತ್ತು ಹಾಕುತ್ತಿದ್ದಳು.

"ಮನೆಯಲ್ಲಿ ಹಚ್ಚಿದರೆ ಗೃಹಜ್ಯೋತಿಯಲ್ಲಿ ಪುಕ್ಕಟೆಯೇನು?"

"ಇಲ್ಲ ಅಕ್ಕಾ. ಹಳೆಯ ಸರಾಸರಿ ಬಳಕೆ, ಅದರ ಮೇಲೆ ಇನ್ನು ಶೇಕಡಾ 10, ಅಷ್ಟು ಮಾತ್ರ ಪುಕ್ಕಟೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು."

"ಕಟ್ಟಿದರೂ ಡೀಸೆಲ್ಲಿಗಿಂತ ಕಡಿಮೆಯೇ?"

ನನ್ನ ಡೀಸೆಲ್ ಕಾರು ಕಿಲೋಮೀಟರಿಗೆ ಐದು ರೂಪಾಯಿ ಕುಡಿಯುತ್ತದೆ, ಮನೆಯ ವಿದ್ಯುತ್ತಾದರೆ ಒಂದೂವರೆ ರೂಪಾಯಿ ಸಾಕು ಎಂದು ವಿವರಿಸಿದೆ. ಆಕೆ ತಲೆದೂಗಿದಳು. ಆಮೇಲೆ ಕೇಳಿದ ಪ್ರಶ್ನೆಗೆ ನನ್ನ ಒಂದು ವರ್ಷದ ಲೆಕ್ಕದ ಪುಸ್ತಕದಲ್ಲಿ ಉತ್ತರ ಇರಲಿಲ್ಲ.

"ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ. ನಾಳೆ ನೀನು ಇದನ್ನು ಮಾರಲು ಹೋದರೆ ಕೊಳ್ಳುವವನು ಏನು ನೋಡಬೇಕು?"

ಬ್ಯಾಟರಿಗೆ ಎಂಟು ವರ್ಷದ ವಾರಂಟಿ ಇದೆ ಎಂದೆ. "ವಾರಂಟಿ ಕಾಗದ. ನಾನು ಕೇಳಿದ್ದು ಹಲ್ಲು" ಎಂದು ಮತ್ತೆ ಗಿರಣಿಗೆ ಹೋದಳು. ಬ್ಯಾಟರಿ ಎಷ್ಟು ಸವೆದಿದೆ ಎಂಬುದನ್ನು ಸರ್ವಿಸ್ ಸೆಂಟರಿನಲ್ಲಿ ಯಂತ್ರ ಹಚ್ಚಿ ಓದಬಹುದು. ಆದರೆ ಸಂತೆಯಲ್ಲಿ ನಿಂತು ಬಾಯಿ ತೆರೆದು ನೋಡುವಂತಿಲ್ಲ. ಎಲ್ಲಕ್ಕಿಂತ ದುಬಾರಿಯಾದ ಭಾಗವೇ ಕಣ್ಣಿಗೆ ಕಾಣುವುದಿಲ್ಲ.

ಹೊರಡುವಾಗ ಇನ್ನೂರು ರೂಪಾಯಿ ಮುಂದಿಟ್ಟೆ. ಆಕೆ ಒಂಬತ್ತು ಯೂನಿಟ್ಟಿಗೆ ಬೆರಳು ಮಡಿಚಿ ಲೆಕ್ಕ ಹಾಕಿ, ನೂರು ಇಟ್ಟುಕೊಂಡು ನೂರು ಹಿಂದಿರುಗಿಸಿದಳು. "ನೀರಿಗೆ?" ಎಂದು ತಮಾಷೆ ಮಾಡಿದೆ. "ನೀರು ಕುಡಿದದ್ದು ನನ್ನ ಭೂಮಿ" ಎಂದಳು.

ಕೊಲ್ಹಾರದಲ್ಲಿ ಕೃಷ್ಣೆ ದಾಟುವಾಗ ಹೊತ್ತು ಮುಳುಗುತ್ತಿತ್ತು. ಆಚೆ ಕೂಡಗಿಯಲ್ಲಿ ಕಲ್ಲಿದ್ದಲು ಸುಡುವ 2,400 ಮೆಗಾವ್ಯಾಟ್ ವಿದ್ಯುತ್ ಸ್ಥಾವರದ ನೆನಪಾಯಿತು. "ನಮ್ಮ ಕಾರಿನ ಹೊಗೆ ಅಲ್ಲಿ ಬರುತ್ತದೆ" ಎಂದೆ. "ಬರಲಿ, ಮೊಸರಿನ ಗಡಿಗೆ ಅಲುಗದ ಹಾಗೆ ಓಡಿಸಿ" ಎಂದಳು ಹೆಂಡತಿ. ಅಕ್ಕನ ಮನೆಯಲ್ಲಿ ಎರಡು ದಿನ ಉಂಡದ್ದು, ಮಲಗಿದ್ದು ಬಿಟ್ಟರೆ ಹೇಳುವಂಥದ್ದೇನಿಲ್ಲ. ಮರಳುವಾಗ ಮೊದಲೇ ಫೋನ್ ಮಾಡಿ ವಿಚಾರಿಸಿದ್ದರಿಂದ ಬಾಗಲಕೋಟೆಯ ನವನಗರದಲ್ಲಿ ಐವತ್ತು ನಿಮಿಷದಲ್ಲಿ ಚಾರ್ಜ್ ಮಾಡುವ ಕೆಲಸ ಮುಗಿಯಿತು. ಏರು ದಾರಿಯಲ್ಲಿ ಅಂಕಿ ಬೇಗ ಬೇಗ ಇಳಿದರೂ ಮನೆ ಮುಟ್ಟಿದೆವು.

ಟಿಳಕವಾಡಿಯಲ್ಲಿ ನಮ್ಮದು ಮೂರನೆಯ ಮಹಡಿ. ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಸಾಕೆಟ್ ಬೇಕು ಎಂದು ಸಂಘದ ಕಾರ್ಯದರ್ಶಿಗಳಿಗೆ ಅರ್ಜಿ ಕೊಟ್ಟೆ. ಸಭೆಯಲ್ಲಿ ಇಡುತ್ತೇವೆ ಎಂದರು. ಕಟ್ಟಡದ ಅರ್ಥಿಂಗ್ ಗುಂಡಿ ಎಲ್ಲಿದೆ ಎಂದು ಕೇಳಿದೆ, ಅವರಿಗೂ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಹುಡುಕುತ್ತಾ ಹೋದರೆ ಕಾವಲುಗಾರನ ಕೋಣೆಯ ಹಿಂದೆ, ಒಡೆದ ಹೂಕುಂಡಗಳ ಕೆಳಗೆ ಸಿಕ್ಕಿತು. ಮಣ್ಣು ಕಲ್ಲಿನ ಹಾಗಿತ್ತು. ಮೇಲೆ ಹೋಗಿ ಒಂದು ಬಕೆಟ್ ನೀರು ತಂದು ಸುರಿದೆ. ಸಾಲದೆನಿಸಿ ಇನ್ನೊಂದು ತರಲು ಹೋದೆ.